ಕೋಣದ ಕೊರಳಿನ ವಾಚು

ಅವ್ವ ಉಚ್ಚೆಗೆ ಕೂತರೆ ಅವಳ ಕೈ ಕಿರುಚುತ್ತಿತ್ತು.

ಕೈ ಅಂದರೆ ಕೈಗೆ ಕಟ್ಟಿದ ವಾಚು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಕಸ ಎತ್ತುವ ಗುತ್ತಿಗೆ ಹಿಡಿದ ಕಂಪನಿ ಅದನ್ನು ಕಟ್ಟಿತ್ತು. ಕರಿ ಪಟ್ಟಿ, ಚೌಕ ಮುಖ. ಅದರಲ್ಲಿ ಗಂಟೆ ಕಾಣುತ್ತಿರಲಿಲ್ಲ. ಅದು ಅವ್ವ ನೋಡುವುದಕ್ಕಲ್ಲ, ಅವ್ವನನ್ನು ನೋಡುವುದಕ್ಕೆ. ಕಂಪನಿಯ ಆಫೀಸಿನಲ್ಲಿ ಗೋಡೆ ತುಂಬ ಒಂದು ಪರದೆ. ಪರದೆಯ ಮೇಲೆ ಬಡಾವಣೆಯ ನಕ್ಷೆ. ನಕ್ಷೆಯಲ್ಲಿ ನಮ್ಮವ್ವ ಕೆಂಚಮ್ಮ ಒಂದು ಚುಕ್ಕೆ. ಕೈ ಆಡುತ್ತಿದ್ದರೆ ಚುಕ್ಕೆ ಹಸಿರು. ಕೈ ನಿಂತರೆ ಕೆಂಪು. ಕೆಂಪಾದ ಕೂಡಲೇ ವಾಚು ಕಿರುಚುತ್ತದೆ. ಆಮೇಲೆ ಕಂಪನಿಯ ಶಿವಕುಮಾರ ಅದೇ ವಾಚಿನೊಳಗಿಂದ ಮಾತಾಡುತ್ತಾನೆ.

“ಯಾಕಮ್ಮ ನಿಂತ್ರಿ?”

ಅವ್ವನ ಗುಂಪಿನಲ್ಲಿ ಏಳು ಹೆಂಗಸರು. ನಸುಕಿಗೆ ಮನೆ ಬಿಡುತ್ತಾರೆ. ಪೊರಕೆ ಹಿಡಿದರೆ ಮಧ್ಯಾಹ್ನದ ತನಕ ಬಗ್ಗಿದ ಸೊಂಟ ಏಳುವುದಿಲ್ಲ. ಚರಂಡಿಯಿಂದ ಬಾಚಿದ ರಾಡಿ, ಮಕ್ಕಳ ಡೈಪರು, ಸತ್ತ ಹೆಗ್ಗಣ, ಮದುವೆ ಮನೆಯ ಎಲೆ. ಎಲ್ಲ ಇವರ ಕೈಯಿಂದಲೇ ಗಾಡಿಗೆ. ಬಡಾವಣೆಯಲ್ಲಿ ಮನೆಗೆ ಮೂರು ಬಾತ್‌ರೂಮು. ಇವರಿಗೆ ಒಂದೂ ಇಲ್ಲ. ಅವಸರವಾದರೆ ನಿಲ್ಲಿಸಿದ ಎರಡು ಕಾರುಗಳ ನಡುವೆ ಕೂರಬೇಕು. ಮೆಹರ್ ಬಾನು ಅವ್ವನ ಜೊತೆಯವಳು, ನನಗೆ ಚಾಚಿ. ಕೆಲಸಕ್ಕೆ ಬಂದೊಡನೆ ಬುರ್ಖಾ ಮಡಿಸಿ ಗಾಡಿಯ ಹಿಡಿಗೆ ಸಿಕ್ಕಿಸುತ್ತಿದ್ದಳು. ಯಾರಾದರೂ ಕೂರಬೇಕಾದರೆ ಅದನ್ನೇ ಬಿಡಿಸಿ ಅಡ್ಡ ಹಿಡಿಯುತ್ತಿದ್ದಳು.

“ಇದು ಮರೆಗೆ ಅಂತಾನೇ ಇರೋದು. ಯಾರ ಮರೆಯಾದ್ರೇನು?” ಅನ್ನುತ್ತಿದ್ದಳು.

ಬುರ್ಖಾಕ್ಕೆ ಮೇಲ್ಗಡೆ ಮರೆ ಇರಲಿಲ್ಲ. ಮೇಲೆ ಕಂಬದಲ್ಲಿ ಬಡಾವಣೆಯ ಕ್ಯಾಮೆರಾ ಇತ್ತು. ಒಂದು ದಿನ ಅವ್ವ ಕೂತ ವಿಡಿಯೊ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂತು. ಕೆಳಗೆ ಯಾರೋ ಬರೆದಿದ್ದರು: ‘ನಮ್ಮ ಬಡಾವಣೆಯ ಮರ್ಯಾದೆ ನೋಡಿ.’ ಮುಖ ಕಾಣುತ್ತಿರಲಿಲ್ಲ. ಕಂಪನಿ ಕೊಟ್ಟ ಕೋಟಿನ ಬೆನ್ನ ಮೇಲೆ ‘ಸ್ವಚ್ಛ ನಗರ’ ಎಂದು ಬರೆದದ್ದು ಮಾತ್ರ ಸ್ಪಷ್ಟವಾಗಿ ಕಾಣುತ್ತಿತ್ತು.

ಅವತ್ತಿನಿಂದ ಅವ್ವ ನೀರು ಕುಡಿಯುವುದನ್ನು ಬಿಟ್ಟಳು. ಎದ್ದಾಗ ಒಂದು ಗುಟುಕು ಚಹಾ, ಅಷ್ಟೇ. ಸ್ವಲ್ಪ ದಿನಕ್ಕೆ ಉರಿ ಶುರುವಾಯಿತು. ಆಮೇಲೆ ಚಳಿಜ್ವರ. ಉಚ್ಚೆಯಲ್ಲಿ ರಕ್ತ ಕಂಡಿತು. ಡಾಕ್ಟರು ಗುಳಿಗೆ ಕೊಟ್ಟು, “ಚೆನ್ನಾಗಿ ನೀರು ಕುಡೀರಿ” ಅಂದರು.

“ಕುಡಿಯೋದೇನು, ಕುಡೀತೀನಿ,” ಅಂದಳು ಅವ್ವ. “ಬಿಡೋದೆಲ್ಲಿ?”

ಜಾಗ ಇರಲಿಲ್ಲ ಎಂದಲ್ಲ. ಪಾರ್ಕಿನ ಮೂಲೆಗೆ ಒಂದು ಶೌಚಾಲಯ ಕಟ್ಟಿದ್ದರು. ಟೈಲ್ಸು, ನಲ್ಲಿ, ಕನ್ನಡಿ ಎಲ್ಲ ಇತ್ತು. ಹೊರಗೋಡೆಯ ಮೇಲೆ ಪೊರಕೆ ಹಿಡಿದು ನಗುವ ಹೆಂಗಸಿನ ಚಿತ್ರ ಬರೆಸಿದ್ದರು. ಬಾಗಿಲಿಗೆ ಬೀಗ. ಬೀಗದ ಕೈ ನಿವಾಸಿಗಳ ಸಂಘದ ಅಧ್ಯಕ್ಷ ರಾಮಚಂದ್ರಪ್ಪನ ಬಳಿ. ಅವರದು ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಅಂಗಡಿ, ಗೋದಾಮು, ತಿಜೋರಿ ಎಲ್ಲದರ ಕೈಗಳ ಗೊಂಚಲು ಅವರ ಉಡಿದಾರದಲ್ಲಿ ನೇತಾಡುತ್ತಿತ್ತು. ಶೌಚಾಲಯದ್ದೂ ಅದರಲ್ಲೇ. ಮಾತಾಡುವಾಗ ಅಂಗಿಯ ಮೇಲಿಂದ ಅದನ್ನು ಮುಟ್ಟಿ ನೋಡಿಕೊಳ್ಳುವುದು ಅವರ ಚಾಳಿ.

ಜ್ವರ ಬಿಟ್ಟ ಮೇಲೆ ಅವ್ವ, ಚಾಚಿ, ಉಳಿದವರು ಸೇರಿ ಅವರ ಗೇಟಿನ ಮುಂದೆ ನಿಂತರು. ನಾನೂ ಹೋಗಿದ್ದೆ.

“ಸಾವ್ಕಾರ್ರೆ, ಆ ಬೀಗ ತೆಗೀರಿ. ನಾವೂ ಮನುಷ್ಯರು,” ಅಂದಳು ಅವ್ವ.

“ಗಲೀಜು ಮಾಡ್ತೀರಿ ಕಣಮ್ಮ.”

“ಊರ ಗಲೀಜು ಬಳಿಯೋರೇ ನಾವು,” ಅಂದಳು ಚಾಚಿ. “ನಮ್ಗಿಂತ ಚೆಂದ ಯಾರು ಬಳೀತಾರೆ?”

ರಾಮಚಂದ್ರಪ್ಪ ಸೊಂಟ ಮುಟ್ಟಿಕೊಂಡರು. ಅವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಇಲ್ಲ ಅನ್ನುತ್ತಿದ್ದರು. ಒಳ್ಳೆಯವರು, ಆದ್ದರಿಂದ ಹೀಗಂದರು: “ನೋಡಾಣ. ಸಂಘದಿಂದ ಒಂದು ಸ್ಟಡಿ ಮಾಡಿಸ್ತೀವಿ. ನಿಮ್ಗೆ ನಿಜವಾಗ್ಲೂ ಅದರ ಅಗತ್ಯ ಐತಾ ಅಂತ. ರಿಪೋರ್ಟು ಬರ್ಲಿ.”

ಅವ್ವ ನನ್ನ ಮುಖ ನೋಡಿದಳು. “ಉಚ್ಚೆ ಬರ್ತೈತೋ ಇಲ್ಲೋ ಅನ್ನಾಕೆ ಸ್ಟಡಿನೇನೆ?”

ಸ್ಟಡಿ ಮಾಡಲು ಒಪ್ಪಿದವರು ನನ್ನ ಪ್ರೊಫೆಸರು ನಾಗಭೂಷಣ್. ನಾನು ಸ್ನೇಹಾ, ಸಮಾಜಶಾಸ್ತ್ರ ಎಂ.ಎ. ಮಾಡುತ್ತಿದ್ದೆ. ಹಾಸ್ಟೆಲ್ಲಿನ ಲೈಬ್ರರಿಯಲ್ಲಿ ಫ್ಯಾನಿನ ಕೆಳಗಿನ ಜಾಗ ಬೇಗ ಬಂದವರಿಗೆ. ನಾನು ಬೇಗ ಹೋಗುತ್ತಿದ್ದೆ. ಅಲ್ಲಿ ಓದಿದ್ದನ್ನು ನಂಬಿದ್ದೆ ಕೂಡ. ಸಾರ್ ಪಾಠ ಮಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. “ಹಳೆಯ ಅಧಿಕಾರ ಹೊಡೆಯುತ್ತಿತ್ತು. ಆಧುನಿಕ ಅಧಿಕಾರ ನೋಡುತ್ತದೆ. ನೋಡುತ್ತಿದೆ ಎಂಬ ಭಯವೇ ದೇಹವನ್ನು ಬಗ್ಗಿಸುತ್ತದೆ,” ಅನ್ನುತ್ತಿದ್ದರು. ನಾನು ಅದನ್ನು ಮನೆಗೆ ಹೋಗಿ ಅವ್ವನಿಗೆ ಹೇಳಿದೆ. “ನಿಮ್ ಮೇಷ್ಟ್ರು ಶಾಣ್ಯಾ ಅದಾರೆ,” ಅಂದಳು. “ಪೊರಕೆ ಹಿಡಿದ್ರೆ ಭಯ ಇಲ್ದಿದ್ರೂ ಬಗ್ಗಬೇಕು ಅಂತ ಹೇಳು ಅವ್ರಿಗೆ.”

ಸಾರ್ ನನ್ನನ್ನು ಸಹಾಯಕಿ ಮಾಡಿಕೊಂಡರು. ಅವ್ವ ಆ ಏಳು ಹೆಂಗಸರಲ್ಲಿ ಒಬ್ಬಳೆಂದು ತಿಳಿದಾಗ ಅವರ ಮುಖ ಅರಳಿತು.

“ವಂಡರ್‌ಫುಲ್. ನೀನು ಒಳಗಿನವಳು. ಆದರೆ ಒಂದು ಎಚ್ಚರ. ಪರಿಚಿತವಾದದ್ದನ್ನು ಅಪರಿಚಿತ ಮಾಡಿಕೊಂಡು ನೋಡಬೇಕು. ನಿನ್ನ ತಾಯಿಯನ್ನ ಹೊರಗಿನವಳ ಹಾಗೆ ಗಮನಿಸು.”

ನಾನು ಮನೆಗೆ ಹೋಗಿ ಗಮನಿಸಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಯಾಕ ಹಂಗೆ ನೋಡ್ತಿ, ಹೆಣ್ಣು ನೋಡಾಕೆ ಬಂದೋರಂಗೆ? ಹಿಟ್ಟು ಕಲಸು ಬಾ.”

ಸಾರ್ ಫೀಲ್ಡಿಗೆ ಒಮ್ಮೆ ಬಂದರು. ಬೆಣ್ಣೆ ದೋಸೆ ತಿಂದರು. ಧೂಳಿಗೆ ಸೀನಿದರು. ಮತ್ತೆ ಬರಲಿಲ್ಲ. ಬರುವ ಅಗತ್ಯವೂ ಇರಲಿಲ್ಲ. ಕಂಪನಿ ಮೂರು ತಿಂಗಳ ಚುಕ್ಕೆಗಳ ಚಲನೆಯನ್ನು ಕಂಪ್ಯೂಟರಿಗೆ ಹಾಕಿ ಕೊಡುವುದಾಗಿ ಹೇಳಿತ್ತು.

ಆದರೆ ಅಷ್ಟು ಹೊತ್ತಿಗೆ ಚುಕ್ಕೆಗಳು ಹೆಂಗಸರ ಕೈಯಲ್ಲಿ ಇರಲಿಲ್ಲ. ಕೋಣದ ಕೊರಳಲ್ಲಿದ್ದವು.

ಅಮ್ಮನಿಗೆ ಬಿಟ್ಟ ಕೋಣ ಅದು. ನಮ್ಮ ಕಡೆ ದೇವಿಯ ಹೆಸರಲ್ಲಿ ಕೋಣ ಬಿಡುವ ರೂಢಿ ಇದೆ. ಬಿಟ್ಟ ಮೇಲೆ ಅದಕ್ಕೆ ಒಡೆಯನಿಲ್ಲ, ಗೂಟವಿಲ್ಲ. ಯಾರ ತೋಟಕ್ಕೆ ನುಗ್ಗಿದರೂ ಕೋಲೆತ್ತುವಂತಿಲ್ಲ. ಅದು ಬೆಳಗ್ಗೆ ಬಡಾವಣೆಗೆ ಬರುತ್ತಿತ್ತು. ರಸ್ತೆ ನಡುವೆ ಮಲಗಿದರೆ ಕಾರುಗಳು ಸುತ್ತಿ ಹೋಗುತ್ತಿದ್ದವು. ಹೆಣ್ಣುಮಕ್ಕಳು ಬಾಳೆಹಣ್ಣು ತಂದು, ಸೆರಗು ಹೊದ್ದು ಕೈ ಮುಗಿಯುತ್ತಿದ್ದರು. ಅದು ಅವರ ಗೇಟಿಗೇ ಉಚ್ಚೆ ಹೊಯ್ಯುತ್ತಿತ್ತು. ಅವರು ಅದನ್ನು ತೊಳೆಯುತ್ತಿರಲಿಲ್ಲ. ಅವ್ವ ತೊಳೆಯುತ್ತಿದ್ದಳು.

ಕೋಣಕ್ಕೆ ಸಲುಗೆ ಇದ್ದದ್ದು ಮೆಹರ್ ಚಾಚಿಯ ಜೊತೆ. ಕಸದಲ್ಲಿ ಸಿಕ್ಕ ಸಿಪ್ಪೆ, ತರಕಾರಿ ತೊಟ್ಟುಗಳನ್ನು ತೆಗೆದಿಟ್ಟು ಹಾಕುತ್ತಿದ್ದಳು. ಅವಳ ಗಾಡಿಯ ಸದ್ದು ಕೇಳಿದರೆ ಬರುತ್ತಿತ್ತು.

“ನಿಮ್ ದೇವ್ರ ಕೋಣ ನನ್ ಮಾತು ಕೇಳ್ತದೆ ನೋಡ್ರೇ,” ಎಂದು ನಗಿಸುತ್ತಿದ್ದಳು.

ಅವ್ವನಿಗೆ ಜ್ವರ ಬಿಟ್ಟ ವಾರ, ಎರಡು ಕಾರುಗಳ ನಡುವೆ ಕೂತಿದ್ದಾಗ ವಾಚು ಕಿರುಚಿತು. ಶಿವಕುಮಾರನ ದನಿ ಬಂತು. “ಯಾಕಮ್ಮ ನಿಂತ್ರಿ?” ಅವ್ವ ಅರ್ಧಕ್ಕೆ ಎದ್ದಳು. ಸೀರೆ ಒದ್ದೆಯಾಯಿತು. ಚಾಚಿ ಬುರ್ಖಾ ಮಡಿಸಿಟ್ಟಳು. ಅವ್ವನ ಕೈಯಿಂದ ವಾಚು ಬಿಚ್ಚಿದಳು. ತನ್ನದನ್ನೂ ಬಿಚ್ಚಿದಳು. ಗಾಡಿ ಕಟ್ಟುವ ಹಗ್ಗದ ತುಂಡಿಗೆ ಎರಡನ್ನೂ ಪೋಣಿಸಿ, ಸಿಪ್ಪೆ ಮೆಲ್ಲುತ್ತಿದ್ದ ಕೋಣದ ಕೊರಳಿಗೆ ಕಟ್ಟಿದಳು.

“ನೀ ಹೋಗಪ್ಪಾ ಡ್ಯೂಟಿಗೆ,” ಅಂದಳು.

ಅವತ್ತು ವಾಚು ಕಿರುಚಲಿಲ್ಲ. ಕೋಣ ನಡೆದರೆ ಅಲ್ಲಾಡುತ್ತಿತ್ತು. ಮಲಗಿ ಮೆಲುಕು ಹಾಕಿದರೂ ಅಲ್ಲಾಡುತ್ತಿತ್ತು. ನೊಣಕ್ಕೆ ಕತ್ತು ಒದರಿದಾಗಲಂತೂ ವಾಚಿಗೆ ಅದು ಬಿರುಸಾಗಿ ಗುಡಿಸಿದಂತೆ ಕಂಡಿರಬೇಕು. ವಾರದೊಳಗೆ ಏಳೂ ವಾಚುಗಳು ಅಲ್ಲಿಗೆ ಬಂದವು. ಮೇಲೊಂದು ಹಳದಿ ಬಟ್ಟೆ ಕಟ್ಟಿದರು, ಹರಕೆ ಅನ್ನುವ ಹಾಗೆ. ಭಕ್ತರೊಬ್ಬರು ಅದರ ಮೇಲೆ ಗಂಟೆ ಕಟ್ಟಿದರು. ಇನ್ನೊಬ್ಬರು ಕುಂಕುಮ ಹಚ್ಚಿದರು. ಮಧ್ಯಾಹ್ನ ಕೋಣ ತಾನಾಗಿ ಸಿಪ್ಪೆಗೆ ಬರುತ್ತಿತ್ತು. ಆಗ ವಾಚು ಬಿಚ್ಚಿ ಒರೆಸಿ ಕಂಪನಿಗೆ ಒಪ್ಪಿಸುತ್ತಿದ್ದರು. ಕೆಲಸ ಏನೂ ನಿಲ್ಲಲಿಲ್ಲ. ರಸ್ತೆ ಮೊದಲಿನ ಹಾಗೇ ಗುಡಿಸುತ್ತಿದ್ದರು. ನೀರು ಕುಡಿಯುತ್ತಿದ್ದರು. ಕೂರುವುದು ಇನ್ನೂ ಕಾರುಗಳ ನಡುವೆಯೇ. ಆದರೆ ಕೂತದ್ದನ್ನು ಮುಗಿಸಿ ಏಳುತ್ತಿದ್ದರು.

ಆಫೀಸಿನ ಪರದೆಯ ಮೇಲೆ ಏಳು ಚುಕ್ಕೆಗಳು ಒಂದರ ಮೇಲೊಂದು ಕೂತಿದ್ದವು. ಯಾರಿಗೂ ಅನುಮಾನ ಬರಲಿಲ್ಲ. ಹಸಿರಿದ್ದರೆ ಯಾರೂ ನೋಡುವುದಿಲ್ಲ.

ಪ್ರೊಫೆಸರು ನೋಡಿದರು. ಒಂದು ಬೆಳಗ್ಗೆ ನನ್ನನ್ನು ಕೋಣೆಗೆ ಕರೆದು ನಕ್ಷೆ ತೋರಿಸಿದರು.

“ನೋಡು ಸ್ನೇಹಾ. ಕಂಪನಿ ಇವರನ್ನ ಒಬ್ಬೊಬ್ಬರನ್ನಾಗಿ ಒಡೆಯಲು ನೋಡ್ತು. ಇವರು ಒಟ್ಟಿಗೇ ನಡೀತಿದಾರೆ. ಏಳು ದೇಹ, ಒಂದೇ ಹೆಜ್ಜೆ. ಇದು ಸಮುದಾಯ. ಇಲ್ಲಿ ನೋಡು, ಬೆಳಗ್ಗೆ ಹೋಟೆಲ್ಲಿನ ಹಿಂಭಾಗ. ಅಲ್ಲಿ ಏನು ಮಾಡ್ತಾರೆ?”

“ಎಲೆ ತಿಂತಾರೆ ಸಾರ್.”

“ಎಲೆ ಅಡಿಕೆ. ಸರಿ. ಬಿಸಿಲೇರಿದ ಮೇಲೆ ಪಾರ್ಕಿನ ಆಚೆ ತುದಿಯ ಒಡೆದ ಪೈಪಿನ ಹತ್ತಿರ ಸುಮಾರು ಹೊತ್ತು. ಜಲಮೂಲದ ಬಳಿ ಸಾಮೂಹಿಕ ವಿಶ್ರಾಂತಿ. ಹಳ್ಳಿಯ ನೆನಪು ಇದು. ನಗರ ಅದನ್ನು ಅಳಿಸಿಲ್ಲ.”

ಹೋಟೆಲ್ಲಿನ ಹಿಂದೆ ಕೋಣ ಎಂಜಲೆಲೆ ಮೆಲ್ಲುತ್ತಿತ್ತು, ಆ ಪೈಪಿನ ಕೆಸರಿನಲ್ಲಿ ಹೊರಳುತ್ತಿತ್ತು. ನಾನು ನಗು ನುಂಗಿದೆ. ಮುಂದಿನ ಪುಟ ನೋಡಿದ ಮೇಲೆ ನಗು ಬರಲಿಲ್ಲ.

‘ಅಧ್ಯಯನದ ಅವಧಿಯಲ್ಲಿ ಕಾರ್ಮಿಕ ಮಹಿಳೆಯರು ಶೌಚಾಲಯದ ಸಮೀಪ ಒಮ್ಮೆಯೂ ನಿಂತಿಲ್ಲ. ದೇಹದ ಅಗತ್ಯಗಳನ್ನು ಅವರು ಪಾರಂಪರಿಕ ರೀತಿಯಲ್ಲಿ, ತೆರೆದ ಪರಿಸರದೊಂದಿಗೆ ಬೆಸೆದುಕೊಂಡು ಪೂರೈಸಿಕೊಳ್ಳುತ್ತಾರೆ. ಮುಚ್ಚಿದ ಶೌಚಾಲಯ ಎಂಬುದು ಅವರ ಮೇಲೆ ಆಧುನಿಕತೆ ಹೇರುವ ಶಿಸ್ತು. ಅದನ್ನು ತೆರೆಯುವ ತುರ್ತು ಕಂಡುಬರುವುದಿಲ್ಲ.’

“ಸಾರ್, ಬೀಗ ಹಾಕಿದ ಬಾಗಿಲ ಮುಂದೆ ಯಾರು ಯಾಕೆ ನಿಲ್ತಾರೆ?”

“ಬಯಕೆ ಇದ್ದರೆ ನಿಲ್ತಾರೆ.”

“ಸಾರ್, ಈ ಚುಕ್ಕೆ ಆ ಹೆಂಗಸರಲ್ಲ.”

ಸಾರ್ ಕಣ್ಣು ಮುಚ್ಚಿಕೊಂಡರು. “ಖಂಡಿತ ಅಲ್ಲ. ಚುಕ್ಕೆ ಅನ್ನೋದು ಅಧಿಕಾರದ ಕಣ್ಣಿಗೆ ಕಂಡ ಹೆಂಗಸು. ಒಳ್ಳೆ ಮಾತು. ಬರ್ಕೋ.”

ಅವತ್ತು ಸಂಜೆ ಕೇರಿಗೆ ಹೋಗಿ ಹೇಳಿದೆ. ಹೆಂಗಸರು ಚಾಚಿಯ ಮನೆ ಕಟ್ಟೆಯ ಮೇಲೆ ಕೂತಿದ್ದರು. ಕೋಣದ ವಿಷಯ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ. ಬಿಡದಿದ್ದರೆ ಬೀಗ ಹೋಗುವುದಿಲ್ಲ. ಹರಿಹರದಲ್ಲಿ ವಿಚಾರ ಸಂಕಿರಣ ಇಟ್ಟಿದ್ದಾರೆ, ಅಲ್ಲಿ ರಿಪೋರ್ಟನ್ನು ರಾಮಚಂದ್ರಪ್ಪನ ಕೈಗೆ ಕೊಡುತ್ತಾರೆ, ನಿಮಗೆ ಶಾಲು ಹೊದಿಸುತ್ತಾರೆ ಅಂದೆ.

“ಶಾಲು ಒಳ್ಳೇದೇ,” ಅಂದಳು ಚಾಚಿ. “ಅಡ್ಡ ಹಿಡಿಯಾಕೆ ಆಗ್ತದೆ.”

ಅವ್ವ ನಗಲಿಲ್ಲ. “ಹೋಗಾಣ,” ಅಂದಳು.

ಕಂಪನಿ ಗಾಡಿ ಕಳಿಸಿತು. ಕಸದ ಗಾಡಿಯೇ. ಫಿನಾಯಿಲ್ ಹಾಕಿ ತೊಳೆದು ಜಮಖಾನ ಹಾಸಿದ್ದರು. ಬೆಳಗಿನ ಕೆಲಸ ಮುಗಿಸಿ, ಅದೇ ಕೋಟಿನಲ್ಲಿ ಹೆಂಗಸರು ಹತ್ತಿದರು. ಕೋಟು ಬಿಚ್ಚಬಾರದು ಎಂದು ಶಿವಕುಮಾರ ಹೇಳಿದ್ದ, ಫೋಟೋಕ್ಕೆ ಬೇಕು. ಅವತ್ತು ವಾಚುಗಳೂ ಕೈಯಲ್ಲೇ ಇದ್ದವು. ಕೋಣವನ್ನು ಹರಿಹರಕ್ಕೆ ಕರೆತರುವಂತಿರಲಿಲ್ಲ.

ಹರಿಹರ ಅವ್ವನ ತವರು. ಅಲ್ಲಿಯ ಒಂದು ಕಾಲೇಜಿನ ಸಭಾಂಗಣ. ಬಾಗಿಲಲ್ಲಿ ಬ್ಯಾನರು: ‘ಅಧಿಕಾರ, ದೇಹ ಮತ್ತು ಆಧುನಿಕ ಸಮಾಜ.’ ಗಣ್ಯರಿಗೆ ಕುರ್ಚಿ, ವಿದ್ಯಾರ್ಥಿಗಳಿಗೆ ಬೆಂಚು. ಹೆಂಗಸರಿಗೆ ಗೋಡೆಯ ಪಕ್ಕ ನಿಲ್ಲಲು ಹೇಳಿದರು. ಕರೆದಾಗ ಬೇಗ ಬರಲು ಅನುಕೂಲವಂತೆ. ಚುಕ್ಕೆ ಹಸಿರಾಗಿಯೇ ಕಾಣಬೇಕು, ಕೈ ಆಡಿಸುತ್ತಲೇ ಇರಿ ಎಂದಿದ್ದ ಶಿವಕುಮಾರ. ಮೊದಲ ಸಾಲಿನಲ್ಲಿ ರಾಮಚಂದ್ರಪ್ಪ ಕೂತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ. ಸಕ್ಕರೆ ಕಾಯಿಲೆಯವರು, ಊಟಕ್ಕೆ ಮುಂಚೆಯೇ ಮಜ್ಜಿಗೆ ತರಿಸಿಕೊಂಡು ಕುಡಿಯುತ್ತಿದ್ದರು.

ಅವ್ವ ನಸುಕಿನಿಂದ ತಡೆದುಕೊಂಡಿದ್ದಳು. ವೇದಿಕೆಯ ಪಕ್ಕ ಒಂದು ಬಾಗಿಲು ಕಂಡಿತು. ಅದರ ಮೇಲೆ ‘ಗಣ್ಯರಿಗೆ ಮಾತ್ರ’ ಎಂದು ಚೀಟಿ. ಅಲ್ಲಿ ಬ್ಯಾಡ್ಜು ಹಾಕಿಕೊಂಡು ನಿಂತವಳನ್ನು ಅವ್ವ ಕೇಳಿದಳು.

“ಇದು ಗೆಸ್ಟಿಗೆ ಅಮ್ಮ. ಉಳಿದದ್ದೆಲ್ಲ ರಿಪೇರಿ ಐತೆ. ಹಿಂದ್ಗಡೆ ಜಾಲಿ ಪೊದೆ ಐತಲ್ಲ, ಅಲ್ಲಿಗೆ ಹೋಗ್ರಿ. ನಿಮ್ಗೆ ರೂಢಿ ಇರ್ತದಲ್ಲ.”

ನಾವು ಹಿಂದೆ ಹೋಗಿ ನೋಡಿದೆವು. ಜಾಲಿ ಪೊದೆಯ ಆಚೆ ಅಡುಗೆಯವರು ಒಲೆ ಹೂಡಿದ್ದರು. ಈಚೆ ಹುಡುಗರು ಮೊಬೈಲು ಹಿಡಿದು ನಿಂತಿದ್ದರು. ಅವ್ವ ಮೊಬೈಲುಗಳನ್ನು ನೋಡಿದಳು. ತಿರುಗಿ ಒಳಗೆ ಬಂದಳು. ವೇದಿಕೆಯ ಪಕ್ಕದ ಆ ಬಾಗಿಲಿಗೆ ನೇರ ನಡೆದಳು. ಬ್ಯಾಡ್ಜಿನವಳು “ಏ, ಏ” ಅನ್ನುವಷ್ಟರಲ್ಲಿ ಒಳಗೆ ಹೋಗಿ ಚಿಲಕ ಹಾಕಿದಳು.

ವೇದಿಕೆಯ ಮೇಲೆ ಶಿವಕುಮಾರ ಮಾತಾಡುತ್ತಿದ್ದ. ಹಿಂದೆ ದೊಡ್ಡ ಪರದೆ. ಪರದೆಯಲ್ಲಿ ಹರಿಹರದ ನಕ್ಷೆ, ಹೊಳೆಯ ನೀಲಿ ಗೆರೆ, ಅದರ ಪಕ್ಕ ಏಳು ಚುಕ್ಕೆ. ಅವನು ಹೇಳುತ್ತಿದ್ದಂತೆಯೇ ಒಂದು ಚುಕ್ಕೆ ಕೆಂಪಾಯಿತು. ಅವನಿಗೆ ಖುಷಿಯಾಯಿತು.

“ನೋಡಿ, ಒಬ್ಬ ವರ್ಕರ್ ನಿಂತರು. ಈಗ ನಾವು ಇಲ್ಲಿಂದಲೇ ಮಾತಾಡಬಹುದು. ಲೈವ್.”

ಸಭಾಂಗಣದ ಸ್ಪೀಕರಿನಲ್ಲಿ ಕೀಚಲು ಸದ್ದು ಬಂತು.

“ಹಲೋ. ಯಾಕಮ್ಮ ನಿಂತ್ರಿ?”

“ನಿಂತಿಲ್ಲ. ಕೂತೀನಿ.”

ಅವ್ವನ ದನಿ. ಸಭೆ ನಕ್ಕಿತು. ಶಿವಕುಮಾರನೂ ನಕ್ಕ.

“ಡ್ಯೂಟಿ ಟೈಮಲ್ಲಿ ಕೂತು ಏನ್ ಮಾಡ್ತಿದೀರಿ?”

“ಉಚ್ಚೆ ಹೊಯ್ತಿದೀನಿ ಸಾರ್.”

ಸ್ಪೀಕರು ಒಳ್ಳೆಯವು. ಸದ್ದು ಕೊನೆಯ ಬೆಂಚಿನ ತನಕ ಕೇಳಿತು. ಬೇಗ ಮುಗಿಯಲಿಲ್ಲ. ಮೊದಲು ನಕ್ಕವರು ಆಮೇಲೆ ನೆಲ ನೋಡಿದರು. ಶಿವಕುಮಾರ ಕಂಪ್ಯೂಟರಿನಲ್ಲಿ ನಿಲ್ಲಿಸುವ ಗುಂಡಿ ಹುಡುಕುತ್ತಿದ್ದ. ಪ್ರೊಫೆಸರು ಅವನ ಕೈ ಹಿಡಿದರು.

“ಇರಲಿ, ಮಾತಾಡಲಿ. ಇದು ಅವರ ದನಿ.” ಮೈಕು ತಗೊಂಡರು. “ತಾಯಿ, ಇವತ್ತು ನೀವು ಶೌಚಾಲಯಕ್ಕೆ ಹೋದಿರಿ. ಬಡಾವಣೆಯಲ್ಲಿ ಯಾಕೆ ಹೋಗಲಿಲ್ಲ? ಮೂರು ತಿಂಗಳಲ್ಲಿ ಒಮ್ಮೆಯೂ ಅದರ ಹತ್ತಿರ ನಿಲ್ಲಲಿಲ್ಲವಲ್ಲ?”

“ಅದು ನಾನಲ್ಲ ಸಾರ್. ಅದು ಕೋಣ.”

“ಏನು?”

“ಅಮ್ಮನಿಗೆ ಬಿಟ್ಟ ಕೋಣ. ವಾಚು ಅದರ ಕೊರಳಿಗೆ ಕಟ್ಟಿದ್ವಿ. ನೀವು ಬರ್ದಿದ್ದು ಅದರ ಕಥೀನ. ಕೋಣಕ್ಕೆ ಬಾಗ್ಲು ಯಾಕ ಬೇಕು ಸಾರ್? ಅದು ನಿಂತಲ್ಲೇ ಹೊಯ್ತೈತೆ. ಅದರ ವಿಡಿಯೊ ಯಾರೂ ಹಿಡಿಯಲ್ಲ. ಎದುರು ಬಂದೋರು ಕೈ ಮುಗಿದು ಹೋಗ್ತಾರೆ.”

ಪ್ರೊಫೆಸರು ಕಣ್ಣು ಮುಚ್ಚಿಕೊಳ್ಳಲಿಲ್ಲ. ಅವರ ಕಣ್ಣು ಪೂರ್ತಿ ತೆರೆದದ್ದನ್ನು ನಾನು ನೋಡಿದ್ದು ಅದೇ ಮೊದಲು. ಶಿವಕುಮಾರ ಮೈಕು ಕಸಿದುಕೊಂಡ.

“ಏಳು ಮಂದೀನೂ ತೆಗೀತೀನಿ ಕೆಲಸದಿಂದ. ಹೊರಗೆ ಬಾ ಮೊದಲು.”

“ತೆಗಿಯಪ್ಪಾ. ನಾಳೆಯಿಂದ ಕೋಣಕ್ಕೆ ಪೊರಕೆ ಕೊಡು. ಹೆಂಗೂ ಹಾಜರಿ ಚೆನ್ನಾಗೈತೆ,” ಅಂದಳು ಅವ್ವ. “ನಾ ಹೊರಗೆ ಬರಲ್ಲ. ಸಾವ್ಕಾರ್ರ ಸೊಂಟದಾಗೆ ನಮ್ ಬೀಗದ ಕೈ ಐತೆ. ಅದು ಈ ಬಾಗ್ಲ ಕೆಳಗಿಂದ ಒಳಗೆ ಬರ್ಲಿ. ಆಮ್ಯಾಲೆ ಚಿಲಕ ತೆಗೀತೀನಿ.”

ಬಾಗಿಲು ಬಡಿದರು. ಬೆದರಿಸಿದರು. ಪೊಲೀಸರನ್ನು ಕರೆಯುವ ಮಾತು ಬಂತು. ಉಚ್ಚೆಗೆ ಹೋದ ಹೆಂಗಸನ್ನು ಏನೆಂದು ದೂರು ಕೊಡುವುದು ಎಂದು ಯಾರಿಗೂ ಹೊಳೆಯಲಿಲ್ಲ. ಪ್ರಾಂಶುಪಾಲರು ಊಟಕ್ಕೆ ಬಿಟ್ಟರು. ಹೋಳಿಗೆ ಊಟ, ಮತ್ತೆ ಮಜ್ಜಿಗೆ. ಅವ್ವ ಒಳಗೇ ಇದ್ದಳು. ಹೆಂಗಸರು ಆ ಬಾಗಿಲ ಮುಂದೆ ಕೂತರು. ನಾನೂ ಕೂತೆ. ಸಾರ್ ದೂರದಿಂದ ಸನ್ನೆ ಮಾಡಿ ಕರೆದರು. ನಾನು ಏಳಲಿಲ್ಲ.

ಊಟ ಮುಗಿದ ಮೇಲೆ ಗಣ್ಯರು ಒಬ್ಬೊಬ್ಬರಾಗಿ ಆ ಕಡೆ ಬಂದರು. ಬಂದು, ನಮ್ಮನ್ನು ನೋಡಿ, ಚೀಟಿ ಓದಿ, ನಿಂತರು. ಅವರಲ್ಲಿ ವಯಸ್ಸು ಕಡಿಮೆ ಇದ್ದವರು ಎಲ್ಲಿಗೋ ಓಡಿದರು. ರಾಮಚಂದ್ರಪ್ಪ ಓಡುವ ಹಾಗಿರಲಿಲ್ಲ. ಅವರ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಿದ್ದರು.

“ಕೆಂಚಮ್ಮ, ಹೊರಗೆ ಬಾರಮ್ಮ. ನನಗೆ ಶುಗರ್ ಐತೆ.”

“ನನ್ಗೂ ರಕ್ತ ಹೋಗಿತ್ತು ಸಾವ್ಕಾರ್ರೆ,” ಅಂದಳು ಒಳಗಿನಿಂದ ಅವ್ವ. “ನಿಮ್ಗೆ ನಿಜವಾಗ್ಲೂ ಅಗತ್ಯ ಐತಾ ಅಂತ ಒಂದು ಸ್ಟಡಿ ಮಾಡಿಸಾಣ.”

ಚಾಚಿ ಎದ್ದು ನಿಂತಳು. ಕಂಕುಳಲ್ಲಿದ್ದ ಬುರ್ಖಾ ತೆಗೆದು ಕೊಡವಿದಳು.

“ಬರ್ರಿ ಸಾವ್ಕಾರ್ರೆ, ಹಿಂದ್ಗಡೆ ಜಾಲಿ ಐತೆ. ನಾ ಇದನ್ನ ಅಡ್ಡ ಹಿಡೀತೀನಿ. ಭಯ ಬ್ಯಾಡ. ಎಷ್ಟು ಮಂದೀಗೆ ಹಿಡಿದೀನಿ.”

ವಿದ್ಯಾರ್ಥಿಗಳು ಕಿಟಕಿಗಳಲ್ಲಿ ತುಂಬಿದ್ದರು. ಕೆಲವರು ಮೊಬೈಲು ಎತ್ತಿದ್ದರು. ರಾಮಚಂದ್ರಪ್ಪ ಕಿಟಕಿ ನೋಡಿದರು, ಬುರ್ಖಾ ನೋಡಿದರು, ಬಾಗಿಲು ನೋಡಿದರು. ಅವರ ಕೈ ಸೊಂಟಕ್ಕೆ ಹೋಯಿತು. ಈ ಸಲ ಮುಟ್ಟಿ ನೋಡಿಕೊಳ್ಳಲಿಕ್ಕಲ್ಲ. ಗೊಂಚಲು ಬಿಡಿಸಿ ಒಂದು ಬೀಗದ ಕೈ ತೆಗೆದರು. ಬಗ್ಗಲು ಅವರಿಂದ ಆಗಲಿಲ್ಲ, ಬಗ್ಗಿದರೆ ಅನಾಹುತವಾಗುತ್ತಿತ್ತು. ನಾನು ಇಸಿದುಕೊಂಡು ಬಾಗಿಲ ಕೆಳಗೆ ತಳ್ಳಿದೆ.

ಚಿಲಕ ಸರಿಯಿತು. ಅವ್ವ ಹೊರಗೆ ಬಂದಳು. ಕೈ ತೊಳೆದುಕೊಂಡಿದ್ದಳು, ಮುಖವನ್ನೂ. ರಾಮಚಂದ್ರಪ್ಪ ಅವಳನ್ನು ಸರಿಸಿ ಒಳಗೆ ನುಗ್ಗಿದರು.

ಗಾಡಿ ಹತ್ತುವಾಗ ಪ್ರೊಫೆಸರು ನನ್ನ ಹಿಂದೆ ಬಂದರು. ಕೋಪ ಇಳಿದಿತ್ತು. ಮುಖ ಮತ್ತೆ ಅರಳಿತ್ತು.

“ಇದು ಅದ್ಭುತ ಸ್ನೇಹಾ. ಪ್ರತಿರೋಧ. ಯಂತ್ರದ ಕಣ್ಣಿಗೆ ಪವಿತ್ರ ಪಶುವನ್ನು ಒಡ್ಡುವುದು. ನಾವಿಬ್ಬರೂ ಇನ್ನೊಂದು ಪೇಪರ್ ಮಾಡೋಣ. ಆ ಕೋಣದ ಫೋಟೋ ಸಿಗುತ್ತಾ?”

“ನೀವೇ ಬಂದು ತಗೊಳ್ರಿ ಸಾರ್. ನಸುಕಿಗೆ ಬರ್ತದೆ. ನಾನು ನಿಮ್ಮ ಸಹಾಯಕಿ ಅಲ್ಲ ಇನ್ನು.”

ಅವರು ಅದನ್ನೂ ಬರೆದುಕೊಂಡರೋ ಏನೋ.

ಮಾರನೆಯ ಬೆಳಗ್ಗೆ ಕೆಲಸ ಉಂಟೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಆದರೂ ಏಳೂ ಜನ, ಹಿಂದಿನ ದಿನ ಒಪ್ಪಿಸದೆ ಉಳಿದ ವಾಚು ಕೈಯಲ್ಲಿದ್ದಂತೆಯೇ, ಪೊರಕೆ ಹಿಡಿದು ಬಂದರು. ಮೊದಲು ಹೋದದ್ದು ಪಾರ್ಕಿನ ಮೂಲೆಗೆ. ಪೊರಕೆ ಹಿಡಿದು ನಗುವ ಚಿತ್ರದ ಮುಂದೆ ನಿಂತರು. ಅವ್ವ ಸೆರಗಿನ ಗಂಟು ಬಿಚ್ಚಿ ಬೀಗದ ಕೈ ತೆಗೆದಳು. ಬೀಗಕ್ಕೆ ಹಾಕಿದಳು. ಅದು ಅರ್ಧ ಹೋಗಿ ನಿಂತಿತು. ತಿರುಗಿಸಿ ಹಾಕಿದಳು. ಹೋಗಲಿಲ್ಲ. ಚಾಚಿ ಉಗುಳು ಹಚ್ಚಿ ನೋಡಿದಳು. ನಾನು ನೋಡಿದೆ. ಬೀಗ ಒಂದು ಜಾತಿಯದು, ಕೈ ಇನ್ನೊಂದು ಜಾತಿಯದು.

ಬೇಕೆಂದೇ ಬೇರೆಯದು ಕೊಟ್ಟರೋ, ಅವಸರಕ್ಕೆ ಕೈಗೆ ಸಿಕ್ಕಿದ್ದು ಕೊಟ್ಟರೋ, ಅವರ ಉಚ್ಚೆಗೇ ಗೊತ್ತು. ಹೆಂಗಸರ ಮುಖ ಇಳಿಯಿತು. ಒಬ್ಬಳು ಕಲ್ಲು ಹುಡುಕಲು ಹೋದಳು.

ಅವ್ವ ಬೀಗದ ಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಉದ್ದನೆಯ ಹಿತ್ತಾಳೆ ಕೈ, ಹಲ್ಲು ದೊಡ್ಡವು. ಅವಳ ತುಟಿಯ ಕೊನೆ ಅಲ್ಲಾಡಿತು.

“ಕಲ್ಲು ಬ್ಯಾಡ, ಕೆಳಗಿಡು,” ಅಂದಳು. “ಇದು ಗೋದಾಮಿಂದು ಕಣ್ರೇ.”

ಯಾರಿಗೂ ತಕ್ಷಣ ತಿಳಿಯಲಿಲ್ಲ.

“ಸುಗ್ಗಿ ಕಾಲ. ಜೋಳದ ಲಾರಿ ಬಂದು ನಿಂತಿರ್ತವೆ. ಹಮಾಲರು ಬಂದಿರ್ತಾರೆ. ಈಗ ಬಾಗ್ಲ ಮುಂದೆ ನಿಂತು ಗೊಂಚಲು ತಡಕಾಡ್ತಿರ್ತಾನೆ. ಇದು ಇಲ್ದೆ ಅವ್ನಿಗೆ ಒಳಗೆ ಹೋಗಾಕಾಗಲ್ಲ.”

ಚಾಚಿ ಮೊದಲು ನಕ್ಕಳು. ಆಮೇಲೆ ಎಲ್ಲರೂ. ಅವ್ವ ಕೈಯನ್ನು ಮತ್ತೆ ಸೆರಗಿಗೆ ಗಂಟು ಹಾಕಿ ಶೌಚಾಲಯದ ಮೆಟ್ಟಿಲ ಮೇಲೆ ಕೂತಳು. ಹೆಂಗಸರು ಅವಳ ಅಕ್ಕಪಕ್ಕ ಕೂತರು. ಪೊರಕೆಗಳು ನೆಲದ ಮೇಲೆ ಮಲಗಿದವು. ಸ್ವಲ್ಪ ಹೊತ್ತಿಗೆ ವಾಚುಗಳು ಒಂದೊಂದಾಗಿ ಕಿರುಚತೊಡಗಿದವು. ಯಾರೂ ಏಳಲಿಲ್ಲ. ಕೋಣ ಬಂದು, ನಿಂತು, ಸಂಘದ ನಾಮಫಲಕಕ್ಕೆ ಧಾರಾಳವಾಗಿ ಉಚ್ಚೆ ಹೊಯ್ದು, ಪೈಪಿನ ಕೆಸರಿಗೆ ಹೋಯಿತು.

“ಯಾಕಮ್ಮ ನಿಂತ್ರಿ? ಎಲ್ರೂ ಯಾಕೆ ನಿಂತ್ರಿ?” ಶಿವಕುಮಾರನ ದನಿ ಏಳು ಕೈಗಳಿಂದಲೂ ಒಟ್ಟಿಗೇ ಬಂತು.

ರಸ್ತೆಯ ತಿರುವಿನಲ್ಲಿ ರಾಮಚಂದ್ರಪ್ಪನ ಬಿಳಿ ಕಾರು ಕಾಣಿಸಿತು. ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಅವ್ವ ವಾಚನ್ನು ಬಾಯಿಯ ಹತ್ತಿರ ತಂದಳು.

“ನಿಂತಿಲ್ಲಪ್ಪಾ,” ಅಂದಳು. “ಕೂತೀವಿ.”